ಆರಿದ್ರೆ ಮಂಕಾದಾಗ ನಾವು ನೋಡಲೇ ಇಲ್ಲ

ಆರಿದ್ರಾ ಮಳೆ ಯಾವಾಗ ಹುಟ್ಟುತ್ತೆ ಅಂತ ನಮ್ಮ ಹಳ್ಳಿಗಳಲ್ಲಿ ಬೇಸಾಯ ಮಾಡುವ ಯಾರನ್ನೇ ಕೇಳಿ, ಪಂಚಾಂಗ ತೆಗೆಯದೆ ಹೇಳುತ್ತಾರೆ. ‘ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ’ ಅನ್ನುವ ಮಾತು ಇನ್ನೂ ಬಾಯಲ್ಲಿದೆ. ಆಕಾಶದಲ್ಲಿ ಆರಿದ್ರೆ ಯಾವುದು ಅಂತ ಕೇಳಿದರೆ ಮಾತ್ರ ಬೆರಳು ತೋರಿಸುವವರು ತುಂಬಾ ಕಡಿಮೆ. ನನಗೆ ಇದು ನಿಜಕ್ಕೂ ಬೇಸರದ ವಿಷಯ.

ಕಾರಣ ಇಲ್ಲದೇ ಇಲ್ಲ. ಮಳೆ ನಕ್ಷತ್ರ ಅಂದರೆ ಆ ದಿನಗಳಲ್ಲಿ ಸೂರ್ಯ ಇರುವ ನಕ್ಷತ್ರ. ಜೂನ್ 22ರ ಸುಮಾರಿಗೆ ಆರಿದ್ರೆ ಸೂರ್ಯನ ಜೊತೆಗೇ ಹುಟ್ಟಿ ಅವನ ಜೊತೆಗೇ ಮುಳುಗುತ್ತದೆ, ಹಾಗಾಗಿ ಮೋಡ ಇಲ್ಲದಿದ್ದರೂ ಕಾಣುವುದಿಲ್ಲ. ನೋಡಬೇಕು ಅಂದರೆ ಜನವರಿ ಸಂಜೆ ಪೂರ್ವಕ್ಕೆ ಮುಖ ಮಾಡಿ. ಸಾಲಾಗಿ ಮೂರು ಚುಕ್ಕಿ ಇರುತ್ತವಲ್ಲ, ಅವುಗಳ ಎಡಕ್ಕೆ ಸ್ವಲ್ಪ ದೂರದಲ್ಲಿ ಕೆಂಪಗೆ ಹೊಳೆಯುವುದೇ ಆರಿದ್ರೆ. ಇಂಗ್ಲಿಷ್ ಪುಸ್ತಕಗಳ ಬೀಟಲ್‌ಜ್ಯೂಸ್ ಕೂಡ ಇದೇ. ಆ ಹೆಸರು ಹುಟ್ಟಿದ್ದು ಅರಬ್ಬರ ಬಾಯಲ್ಲಿ.

2019ರ ಕೊನೆಗೆ ಈ ಚುಕ್ಕಿ ಮಂಕಾಗತೊಡಗಿತು. 2020ರ ಫೆಬ್ರವರಿ ಹೊತ್ತಿಗೆ ಮಾಮೂಲಿ ಹೊಳಪಿನ ಮೂರನೇ ಒಂದರಷ್ಟೇ ಉಳಿದಿತ್ತು, ಬರಿಗಣ್ಣಿಗೇ ಗೊತ್ತಾಗುತ್ತಿತ್ತು. ಸಿಡಿದೇ ಹೋಗುತ್ತೆ ಅಂತ ಸುದ್ದಿಯೋ ಸುದ್ದಿ. ಅದೇ ಚುಕ್ಕಿ ಹೊರಗೆ ಉಗುಳಿದ ಅನಿಲ ತಣ್ಣಗಾಗಿ ಧೂಳಾಗಿ ಅಡ್ಡ ಬಂದಿತ್ತು ಅಂತ ವಿಜ್ಞಾನಿಗಳು ಆಮೇಲೆ ವಿವರಿಸಿದರು. ಆಗ ನನ್ನ ಫೋನಿಗೆ ಬಂದ ಸುದ್ದಿಗಳಲ್ಲಿ ಒಂದರಲ್ಲೂ ಇದು ನಮ್ಮ ಆರಿದ್ರೆ ಅಂತ ಇರಲಿಲ್ಲ. ಪ್ರತಿ ವರ್ಷ ಬಾಯ್ತುಂಬ ಕರೆಯುವ ಹೆಸರು, ಅದರ ಒಡತಿಗೆ ಏನಾಯಿತು ಅಂತ ತಲೆ ಎತ್ತಿ ನೋಡಿದವರು ಎಷ್ಟು ಜನ?

ಹೆಸರನ್ನೂ ಕಣ್ಣನ್ನೂ ಬಿಡದೆ ಇಟ್ಟುಕೊಂಡವರು ಹೇಗಿರುತ್ತಾರೆ ಅನ್ನುವುದಕ್ಕೆ ನನಗೆ ಮೊದಲು ನೆನಪಾಗುವುದು ಆಸ್ಟ್ರೇಲಿಯಾದ ಬೂರಾಂಗ್ ಜನ. ವಿಕ್ಟೋರಿಯಾದ ವಾಯವ್ಯಕ್ಕೆ, ಟಿರೆಲ್ ಅನ್ನುವ ಉಪ್ಪಿನ ಕೆರೆಯ ಸುತ್ತಮುತ್ತ ಇದ್ದವರು. ನಮ್ಮಷ್ಟು ಆಕಾಶ ಬಲ್ಲವರು ಬೇರೆ ಯಾರೂ ಇಲ್ಲ ಅನ್ನುವ ಹೆಮ್ಮೆ ಅವರಿಗಿತ್ತು. ಅವರಿಂದ ಕೇಳಿ ತಿಳಿದದ್ದನ್ನು ವಿಲಿಯಂ ಸ್ಟಾನ್‌ಬ್ರಿಜ್ ಅನ್ನುವ ಬಿಳಿಯ ಕುರಿ ಸಾಕಣೆದಾರ 1857ರಲ್ಲಿ ಮೆಲ್ಬರ್ನಿನ ವಿದ್ವಾಂಸರ ಸಭೆಯ ಮುಂದಿಟ್ಟ. ನಮ್ಮ ಅಭಿಜಿತ್ ನಕ್ಷತ್ರ ಅವರಿಗೆ ನೀಲೋನ್, ಮಣ್ಣಿನ ದಿಬ್ಬದಲ್ಲಿ ಮೊಟ್ಟೆ ಇಡುವ ಒಂದು ಹಕ್ಕಿ. ನೀಲೋನ್ ಸೂರ್ಯನ ಜೊತೆ ಮುಳುಗುವ ಕಾಲ ಬಂತು ಅಂದರೆ ಆ ಹಕ್ಕಿಯ ಮೊಟ್ಟೆ ಹುಡುಕಿ ಹೊರಡುವ ಕಾಲ ಬಂತು ಅಂತ. ನಮ್ಮ ಮಳೆ ನಕ್ಷತ್ರದ ಲೆಕ್ಕವೂ ಹೀಗೇ ಅಲ್ವಾ, ಹೊಟ್ಟೆಪಾಡಿನ ಲೆಕ್ಕ.

ನಮ್ಮ ಅಗಸ್ತ್ಯ ನಕ್ಷತ್ರ ಅವರಿಗೆ ವಾರ್ ಅನ್ನುವ ಕಾಗೆ, ಮೇಲಿನಿಂದ ಮೊದಲು ಬೆಂಕಿ ತಂದುಕೊಟ್ಟವನು. ಅವನಿಗೊಬ್ಬಳು ಹೆಂಡತಿ, ದೊಡ್ಡ ಕೆಂಪು ಚುಕ್ಕಿ ಅಂತ ಸ್ಟಾನ್‌ಬ್ರಿಜ್ ಬರೆದಿದ್ದಾನೆ. ಆ ಜಾಗದಲ್ಲಿ ಇಂದು ಅಷ್ಟು ದೊಡ್ಡ ಚುಕ್ಕಿ ಕಾಣುವುದಿಲ್ಲ. ಅದು ಈಟಾ ಕ್ಯಾರಿನೆ ಅನ್ನುವ ನಕ್ಷತ್ರ ಅಂತ 2010ರಲ್ಲಿ ಖಗೋಳ ಸಂಶೋಧಕರಾದ ಡ್ವೇನ್ ಹಮಾಕರ್ ಮತ್ತು ಡೇವಿಡ್ ಫ್ರೂ ತೋರಿಸಿದರು. 1843ರಲ್ಲಿ ಅದು ಉಬ್ಬಿ ಸಿಡಿದು ರಾತ್ರಿ ಆಕಾಶದಲ್ಲಿ ಎಲ್ಲಕ್ಕಿಂತ ಹೊಳೆಯುವ ನಕ್ಷತ್ರವಾದ ಲುಬ್ಧಕನ ನಂತರದ ಸ್ಥಾನಕ್ಕೆ ಏರಿತ್ತು, ಆಮೇಲೆ ಮಸುಕಾಗುತ್ತಾ ಹೋಯಿತು. ಆಕಾಶ ಬದಲಾದದ್ದನ್ನು ಬೂರಾಂಗ್ ಜನ ಆಗಲೇ ಗಮನಿಸಿ, ಹೊಸದಾಗಿ ಬೆಳಗಿದ ಚುಕ್ಕಿಯನ್ನು ತಮ್ಮ ಕಾಗೆಯ ಮನೆಗೆ ತುಂಬಿಸಿಕೊಂಡಿದ್ದರು! ಟೆಲಿಸ್ಕೋಪ್ ಇಲ್ಲ, ಬರವಣಿಗೆ ಇಲ್ಲ, ದಿನಾ ನೋಡುತ್ತಿದ್ದರು ಅಷ್ಟೇ. ಇದನ್ನು ಮೊದಲು ಓದಿದಾಗ ನನಗೆ ಮೈ ಜುಮ್ಮೆಂದಿತ್ತು.

ಅಂತರರಾಷ್ಟ್ರೀಯ ಖಗೋಳ ಒಕ್ಕೂಟ 2016ರಲ್ಲಿ ಸಮಿತಿ ಮಾಡಿ ಹಳೆಯ ಹೆಸರುಗಳನ್ನು ಅಧಿಕೃತ ಪಟ್ಟಿಗೆ ಸೇರಿಸುತ್ತಿದೆ. ಬೂರಾಂಗರ ಒಂದು ಹೆಸರು ಅದರಲ್ಲಿದೆ. ನಮ್ಮ ರೇವತಿ, ಭರಣಿ, ಆಶ್ಲೇಷಾ ಕೂಡ ಇವೆ. ಖುಷಿಯೇ. ಆದರೆ ಪಟ್ಟಿಗೆ ಸೇರಿದ ಮಾತ್ರಕ್ಕೆ ಹೆಸರು ಉಳಿಯಿತು ಅಂತ ನಾನು ಒಪ್ಪುವುದಿಲ್ಲ. ಮಗುವಿಗೆ ತೋರಿಸುವ ದೊಡ್ಡವರು ಮನೆಯಲ್ಲಿ ಇರಬೇಕು.

ಅರುಂಧತಿಯನ್ನೇ ನೋಡಿ. ನಮ್ಮ ಎಷ್ಟೋ ಮದುವೆಗಳಲ್ಲಿ ಹಾಡಹಗಲೇ ಪುರೋಹಿತರು ಮೇಲೆ ಕೈ ತೋರಿಸುತ್ತಾರೆ, ಹುಡುಗ ಹುಡುಗಿ ತಲೆ ಆಡಿಸುತ್ತಾರೆ, ಫೋಟೋ ತೆಗೆದರೆ ಶಾಸ್ತ್ರ ಮುಗಿಯಿತು. ಮದುವೆಗಳು ಜಾಸ್ತಿ ನಡೆಯುವ ಏಪ್ರಿಲ್, ಮೇ ತಿಂಗಳಲ್ಲೇ ಸಪ್ತರ್ಷಿ ಮಂಡಲ ರಾತ್ರಿ ಒಂಬತ್ತರ ಹೊತ್ತಿಗೆ ಉತ್ತರದಲ್ಲಿ ಚೆನ್ನಾಗಿ ಮೇಲೆ ಬಂದಿರುತ್ತದೆ. ಊಟ ಆದ ಮೇಲೆ ಛತ್ರದ ಲೈಟು ದಾಟಿ ಒಂದು ಹತ್ತು ನಿಮಿಷ ಹೊರಗೆ ಬನ್ನಿ. ಆ ಮಂಡಲದ ಬಾಲದಂತಿರುವ ಮೂರು ಚುಕ್ಕಿಗಳಲ್ಲಿ ನಡುವಿನದು ವಸಿಷ್ಠ, ಅದಕ್ಕೆ ಅಂಟಿಕೊಂಡಂತೆ ಮಸುಕಾಗಿ ಕಾಣುವುದು ಅರುಂಧತಿ. ಅರಬ್ಬರು ಇದೇ ಚುಕ್ಕಿಯನ್ನು ಸುಹಾ ಅಂತ ಕರೆದು ಕಣ್ಣಿನ ದೃಷ್ಟಿ ಪರೀಕ್ಷೆಗೆ ಬಳಸುತ್ತಿದ್ದರು. ಮದುವೆಗೆ ಬಂದ ಮಕ್ಕಳನ್ನೂ ಕರೆದುಕೊಳ್ಳಿ, ಎಲ್ಲರಿಗಿಂತ ಮೊದಲು ಅವರೇ ಹುಡುಕಿ ಹೇಳುತ್ತಾರೆ.