ಫೆಲೋಶಿಪ್ ಬರುವಷ್ಟರಲ್ಲಿ ಮಳೆಗಾಲ ಮುಗಿದಿರುತ್ತೆ

ಅಭಿವೃದ್ಧಿಶೀಲ ದೇಶಗಳ ಹುಡುಗ ಹುಡುಗಿಯರು ಭಾರತಕ್ಕೆ ಬಂದು ಕೃಷಿ ಓದಲು ಸರ್ಕಾರ ಕೊಡುವ ಫೆಲೋಶಿಪ್‌ಗಳ ಪೋಸ್ಟರ್ ಬೆಳಗಿನಿಂದ ಇಲ್ಲಿ ಓಡಾಡ್ತಿದೆ. ಹಂಚಿಕೊಂಡವರಲ್ಲಿ ನಮ್ಮ ಶಿವಮೊಗ್ಗದವರೂ ಬಹಳ. ಯೋಜನೆ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರಲ್ಲಿದ್ದ ತಾರೀಖುಗಳನ್ನು ನೋಡಿ ಮೈ ಉರಿದುಹೋಯ್ತು. ಅರ್ಜಿ ಬೇಸಿಗೆಯಲ್ಲಿ, ತರಗತಿ ಆಗಸ್ಟ್ ಹೊತ್ತಿಗೆ. ಕೃಷಿ ಕಲಿಯಲು ಬರುವವರಿಗೆ ಮುಂಗಾರು ಅರ್ಧ ಕಳೆದ ಮೇಲೆ ಬಾಗಿಲು ತೆಗೆಯೋದು ಯಾವ ಲೆಕ್ಕ?

ಐಸಿಸಿಆರ್ (ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಮಂಡಳಿ) ಶಿಷ್ಯವೇತನ ಇದೆ, ಶುಲ್ಕದ ಜೊತೆ ತಿಂಗಳ ಖರ್ಚು, ಬಾಡಿಗೆ ಎಲ್ಲ ಸೇರಿ. 2009-10ರಲ್ಲಿ ಶುರುವಾದ, ಭಾರತೀಯ ಕೃಷಿ ಸಂಶೋಧನಾ ಮಂಡಳಿ ಅಂದರೆ ಐಸಿಎಆರ್‌ನ ನೇತಾಜಿ ಸುಭಾಷ್ ಫೆಲೋಶಿಪ್ ಪಿಎಚ್‌ಡಿಗೆ, ಮೂರು ವರ್ಷ. ಹೊರಗಿನವರು ಇಲ್ಲಿಗೆ ಬರಬಹುದು, ನಮ್ಮವರು ಹೊರಗೆ ಹೋಗಬಹುದು. ಎರಡೂ ಬೇಕು. ಆದರೆ ಆಯ್ಕೆ ಪಟ್ಟಿ ಬಂದ ಮೇಲೆ ಪ್ರವೇಶ ಪತ್ರ, ಅದರ ಮೇಲೆ ವೀಸಾ, ಬಂದಿಳಿದ 14 ದಿನದೊಳಗೆ ವಿದೇಶಿಯರ ನೋಂದಣಿ, ನಂತರ ಬ್ಯಾಂಕ್ ಖಾತೆ, ಜಾಯಿನಿಂಗ್ ರಿಪೋರ್ಟ್ ಹೋದ ಮೇಲೆ ಮೊದಲ ತಿಂಗಳ ದುಡ್ಡು. ಇದರಲ್ಲಿ ಒಂದು ಕಾಗದ ಎಲ್ಲೋ ಕೂತರೂ ದೀಪಾವಳಿ ಬಂದಿರುತ್ತೆ.

ಈಗ ತೋಟದ ಕ್ಯಾಲೆಂಡರ್ ನೋಡಿ. ಅಡಿಕೆ ಕೊಳೆಗೆ, ಅಂದರೆ ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವ ರೋಗಕ್ಕೆ, ಮೈಲುತುತ್ತ-ಸುಣ್ಣ ಕಲಸಿದ ಬೋರ್ಡೋ ದ್ರಾವಣದ ಮೊದಲ ಸಿಂಪಡಣೆ ಮಳೆ ಹಿಡಿಯುವ ಮೊದಲೇ, ಅಂದರೆ ಮೇ ಕೊನೆ ಅಥವಾ ಜೂನ್ ಮೊದಲ ವಾರ. ಎರಡನೆಯದು 40-45 ದಿನ ಬಿಟ್ಟು, ಮಳೆ ಬಿಟ್ಟು ಹೊಳವು ಸಿಕ್ಕ ದಿನ. 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್) 50 ಲೀಟರ್ ನೀರಿಗೆ, 1 ಕೆಜಿ ಸುಣ್ಣ ಇನ್ನೊಂದು 50 ಲೀಟರಿಗೆ, ಕಬ್ಬಿಣದ ಪಾತ್ರೆ ಬೇಡ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕದಡುತ್ತಾ ಹೊಯ್ಯಬೇಕು. ತಿರುವುಮುರುವು ಮಾಡಿದರೆ ಕಣ ದಪ್ಪವಾಗಿ ಬೇಗ ತಳ ಸೇರುತ್ತೆ, ಗೊನೆಗೆ ಹಿಡಿಯಲ್ಲ. ಉಜ್ಜಿದ ಕತ್ತಿಯ ಅಲಗು ಅದ್ದಿ ತೆಗೆದಾಗ ತಾಮ್ರದ ಕೆಂಪು ಕೂತಿದ್ದರೆ ಸುಣ್ಣ ಸಾಲದು ಅಂತ. ಹಾಗೇ ಹೊಡೆದರೆ ಎಳೆಕಾಯಿ ಸುಡುತ್ತೆ. ಕಲಸಿದ್ದು ಅವತ್ತೇ ಮುಗಿಯಬೇಕು. ಇಷ್ಟನ್ನೂ ಕೈಯಾರೆ ಕಲಿಯಬೇಕಾದ ವಿದ್ಯಾರ್ಥಿ ಅಕ್ಟೋಬರಿನಲ್ಲಿ ಬಂದರೆ ಅವನಿಗೆ ಕಾಣುವುದು ಕೊಯ್ಲಿಗೆ ಬರುತ್ತಿರುವ ಗೊನೆ. ಕೊಳೆ ಎಲ್ಲಿ?

ಎರಡು ವರ್ಷದ ಎಂಎಸ್ಸಿ. ಮೊದಲ ವರ್ಷದ ಬಹುಪಾಲು ಪಾಠದಲ್ಲೇ ಹೋಗುತ್ತೆ, ಸಲಹಾ ಸಮಿತಿ ಕೂರಬೇಕು, ಸಿನಾಪ್ಸಿಸ್ (ಸಂಶೋಧನೆಯ ರೂಪರೇಷೆ) ಒಪ್ಪಿಗೆಯಾಗಬೇಕು. ಉಳಿಯುವುದು ಒಂದೇ ಮಳೆಗಾಲ. ಆ ವರ್ಷ ಜುಲೈ ಒಣಗಿಬಿಟ್ಟರೆ ಔಷಧಿ ಹೊಡೆಯದೆ ಬಿಟ್ಟ ಮರಕ್ಕೂ ಕೊಳೆ ಬರಲ್ಲ. ಹೊಡೆದ ಮರ, ಹೊಡೆಯದ ಮರ ಎರಡರ ಬುಡದಲ್ಲೂ ವಾರವಾರ ಎಣಿಸಿದ ಉದುರು ಕಾಯಿ ಹೆಚ್ಚುಕಡಿಮೆ ಒಂದೇ. ಹೋಲಿಸೋದಕ್ಕೆ ಏನಿದೆ? ಮಳೆ ಅತಿಯಾದರೆ ಎರಡನೇ ಸಿಂಪಡಣೆ ತಪ್ಪುತ್ತೆ, ಆಗಲೂ ಪ್ರಯೋಗ ಕೆಟ್ಟಿತು. ಎರಡು ಹಂಗಾಮಿನ ಅಂಕಿ ಇಲ್ಲದ ಪ್ರಬಂಧವನ್ನು ಹಿಡಿದುಕೊಂಡು ಊರಿಗೆ ಹೋದ ಹುಡುಗಿಯ ಮಾತನ್ನು ಅಲ್ಲಿನ ರೈತ ಯಾಕೆ ನಂಬಬೇಕು?

"ಸಾರ್, ಜಗತ್ತಿನಲ್ಲೆಲ್ಲ ಶೈಕ್ಷಣಿಕ ವರ್ಷ ಹಾಗೇ ಇರೋದು, ಪ್ರಯೋಗಾಲಯದಲ್ಲಿ ಕೆಲಸ ಮಾಡಲಿ" ಅಂತ ಕೆಲವರು ಹೇಳ್ತಾರೆ. ಕೊಳೆಯ ರೋಗಾಣುವನ್ನು ತಟ್ಟೆಯಲ್ಲಿ ಬೆಳೆಸಬಹುದು, ನಿಜ. ತಟ್ಟೆಯಲ್ಲಿ ಸತ್ತ ರೋಗಾಣು ಆಗುಂಬೆ ಮಳೆಯಲ್ಲೂ ಸಾಯುತ್ತೆ ಅನ್ನುವ ಖಾತ್ರಿ ಯಾರು ಕೊಡ್ತಾರೆ? ಔಷಧಿ ಗೊನೆ ಮೇಲೆ ಎಷ್ಟು ದಿನ ನಿಲ್ಲುತ್ತೆ ಅನ್ನೋದೇ ಇಲ್ಲಿನ ಪ್ರಶ್ನೆ. ಅದಕ್ಕೆ ಉತ್ತರ ತೋಟದಲ್ಲೇ ಸಿಗಬೇಕು. ಈ ವಾದ ನಾನು ಒಪ್ಪಲ್ಲ.

ನನಗೆ ಇದು ಇಷ್ಟು ಯಾಕೆ ನೋಯುತ್ತೆ ಅಂದರೆ, ಮಲೆನಾಡು ಈ ಮಕ್ಕಳಿಗೆ ನಿಜವಾಗಿ ಕೊಡಬಹುದಾದದ್ದು ಬಹಳ ಇದೆ. ಘಾನಾದ ಕೋಕೋ ಕಾಯಿಯನ್ನು ಕಪ್ಪು ಮಾಡಿ ಕೊಳೆಸುವುದು ಫೈಟಾಫ್ತೊರಾ ಅನ್ನುವ ರೋಗಾಣು. ನಮ್ಮ ಅಡಿಕೆ ಕೊಳೆಯೂ ಅದೇ ಕುಲದ್ದು, ಕಾಳುಮೆಣಸಿನ ಸೊರಗು ರೋಗವೂ ಅದೇ ಕುಲದ್ದು. ಅಲ್ಲೂ ತಾಮ್ರದ ಔಷಧಿ, ಇಲ್ಲೂ ತಾಮ್ರದ ಔಷಧಿ. ಘಾನಾದ ಒಬ್ಬ ವಿದ್ಯಾರ್ಥಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೀರ್ಥಹಳ್ಳಿ ಕಡೆಯ ತೋಟದಲ್ಲಿ ನಿಂತರೆ ಮನೆಗೆ ಒಯ್ಯಲು ಕೆಲಸದ ವಿದ್ಯೆ ಸಿಗುತ್ತೆ. ಹೊಸ ಮಾತೂ ಅಲ್ಲ ಇದು. 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್‌ಗೆ ಆಗ ಮೂವತ್ತರ ಆಸುಪಾಸು. 1910ಕ್ಕೆ ಕೊಳೆರೋಗದ ವರದಿ ಅಚ್ಚಾಯಿತು, ಅಡಿಕೆಗೆ ಬೋರ್ಡೋ ಹೊಡೆಯೋದು ರೂಢಿಗೆ ಬಂತು. ಹೊರದೇಶದ ಆ ಯುವಕನಿಗೆ ಮಲೆನಾಡಿನ ಮಳೆಗಾಲ ಸಿಕ್ಕಿದ್ದರಿಂದ ನಮ್ಮ ತೋಟ ಉಳಿದವು. ಇವತ್ತಿನವರಿಗೆ ಯಾಕೆ ಸಿಗಬಾರದು?

ನವುಲೆ, ಇರುವಕ್ಕಿಯಲ್ಲಿ ಶಿವಮೊಗ್ಗ ಕೃಷಿ ವಿಶ್ವವಿದ್ಯಾಲಯದ ಕ್ಯಾಂಪಸ್ ಇದೆ, ಸುತ್ತ ತೋಟ ಇದೆ. ಬೇಕಾಗಿರೋದು ತಾರೀಖು ಬದಲಾವಣೆ. ಬೆಳೆ ರೋಗ, ಬೇಸಾಯ ವಿಷಯದವರನ್ನು ಏಪ್ರಿಲ್‌ನಲ್ಲೇ ಕರೆಸಿಕೊಳ್ಳಿ. ಪಾಠ ಯಾವಾಗ ಶುರುವಾದರೂ ಶಿಷ್ಯವೇತನವನ್ನು ಅವರು ಬಂದಿಳಿದ ದಿನದಿಂದಲೇ ಎಣಿಸಿ. ಅದಾಗದಿದ್ದರೆ ಎಂಎಸ್ಸಿಗೆ 24ರ ಬದಲು 30 ತಿಂಗಳು ಕೊಡಿ, ಎರಡನೇ ಮಳೆಗಾಲ ತಾನಾಗೇ ಸಿಗುತ್ತೆ. ಮರ ಹತ್ತುವವರ ಕೂಲಿ, ಜೀಪ್ ಬಾಡಿಗೆ, ಮೈಲುತುತ್ತಕ್ಕೆ ಪ್ರತ್ಯೇಕ ಹಣ ಇಡಿ, ಅದನ್ನು ವಿದ್ಯಾರ್ಥಿಯ ಊಟದ ದುಡ್ಡಿನಿಂದ ಕೀಳಬೇಡಿ.

ಗೈಡ್‌ಗಳಿಗೆ ಒಂದು ಮಾತು. ವಿದ್ಯಾರ್ಥಿಯ ವೀಸಾ ಬರಲಿ ಅಂತ ಕಾಯಬೇಡಿ. ತೋಟದ ಯಜಮಾನರ ಒಪ್ಪಿಗೆ ತಗೊಂಡು, ಮರಗಳಿಗೆ ನಂಬರ್ ಬರೆಸಿ, ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡರಿಗೆ ಏಪ್ರಿಲ್‌ನಲ್ಲೇ ಮುಂಗಡ ಕೊಟ್ಟುಬಿಡಿ. ಮೇ ಬಂತೆಂದರೆ ಅವರು ಯಾರಿಗೂ ಸಿಗಲ್ಲ.