ಭಟ್ಟಿ ಉಳಿಯಲಿ, ಹೊಗೆ ಹೋಗಲಿ

ದಾವಣಗೆರೆಯಲ್ಲಿ ಮಂಡಕ್ಕಿ ಹುರಿಯುವ ಭಟ್ಟಿಗಳ ಹೊಗೆಯ ಮಾತು ತೆಗೆದರೆ ಸಾಕು, 'ಹಾಗಂತ ಭಟ್ಟಿ ಮುಚ್ಚಿಸ್ತೀರಾ?' ಅಂತ ಕೇಳುತ್ತಾರೆ. ಈ ಭಯ ಸುಮ್ನೆ ಬಂದದ್ದಲ್ಲ. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿದ್ದ ಊರು ಅದು. ಕಾಟನ್ ಮಿಲ್‌ಗಳು ಬಾಗಿಲು ಹಾಕಿದಾಗ ಏನಾಯಿತು ಅಂತ ನಮ್ಮವರು ಕಂಡಿದ್ದಾರೆ.

ನಾನೀಗ ಇರುವುದು ತಮಿಳುನಾಡಿನ ತಿರುಪ್ಪೂರಿನಲ್ಲಿ. ಬನಿಯನ್, ಟೀ ಶರ್ಟ್ ಹೊಲಿದು ಹೊರದೇಶಕ್ಕೆ ಕಳಿಸುವ ಊರು. ಬಟ್ಟೆಗೆ ಬಣ್ಣ ಹಿಡಿಯಬೇಕಾದರೆ ರಾಶಿ ಉಪ್ಪು ಬೇಕು. ಆ ಉಪ್ಪು, ಬಣ್ಣದ ನೀರೆಲ್ಲ ವರ್ಷಗಟ್ಟಲೆ ನೊಯ್ಯಲ್ ನದಿಗೆ ಹರಿಯಿತು. ನೀರಾವರಿಗೆಂದು ಒರತ್ತುಪಾಳಯಂನಲ್ಲಿ ಕಟ್ಟಿದ್ದ ಅಣೆಕಟ್ಟಿನಲ್ಲಿ ಕೊಳೆನೀರು ನಿಂತಿತು. ಬಾವಿಗಳು ಉಪ್ಪಾದವು, ಬೆಳೆ ಹೋಯಿತು. ರೈತರು ಕೋರ್ಟಿಗೆ ಹೋದರು. ಒಂದು ಹನಿ ಕೊಳೆನೀರೂ ಹೊರಗೆ ಬಿಡಬಾರದು ಎಂದು ಮದ್ರಾಸ್ ಹೈಕೋರ್ಟ್ 2006ರಲ್ಲೇ ಹೇಳಿತು. ಯಾರೂ ಸರಿಯಾಗಿ ಕೇಳಲಿಲ್ಲ. 2011ರ ಜನವರಿಯಲ್ಲಿ 700ಕ್ಕೂ ಹೆಚ್ಚು ಬಣ್ಣದ ಘಟಕಗಳಿಗೆ ಬೀಗ ಬಿತ್ತು.

ಊರು ಮುಗಿಯಿತು ಅಂದುಕೊಂಡರು. ಮುಗಿಯಲಿಲ್ಲ. ಹತ್ತಾರು ಘಟಕಗಳು ಸೇರಿ ಒಂದೊಂದು ಶುದ್ಧೀಕರಣ ಸ್ಥಾವರ ನಡೆಸುತ್ತವೆ. ಕೊಳೆನೀರು ಸೋಸಿದ ಮೇಲೆ ಸಿಗುವ ನೀರು ಮತ್ತೆ ಅದೇ ಘಟಕಗಳಿಗೆ ಹೋಗುತ್ತದೆ. ಉಪ್ಪನ್ನೂ ಹಿಂದಕ್ಕೆ ತೆಗೆದು ಮತ್ತೆ ಬಣ್ಣಕ್ಕೇ ಬಳಸುತ್ತಾರೆ. ಸರ್ಕಾರ ಬಡ್ಡಿಯಿಲ್ಲದ ಸಾಲ ಕೊಟ್ಟಿತು. ಊರಿನ ರಫ್ತು ಆಗಿನದರ ಎರಡು ಪಟ್ಟು ದಾಟಿದೆ. ಎಲ್ಲ ಸರಿಹೋಗಿದೆ ಅಂತ ನಾನು ಹೇಳುವುದಿಲ್ಲ. ಕರೆಂಟಿನ ಖರ್ಚು ಜಾಸ್ತಿ, ಮತ್ತೆ ಬಳಸಲು ಬಾರದ ಉಪ್ಪಿನ ರಾಶಿ ಉಳಿದಿದೆ. ಕೆಲವು ಸಣ್ಣ ಘಟಕಗಳು ಮತ್ತೆ ಏಳಲೇ ಇಲ್ಲ. ಇದು ನನಗೆ ಬೇಸರದ ವಿಷಯ. ಮೊದಲೇ ಕೈಹಿಡಿದಿದ್ದರೆ ಅವೂ ಉಳಿಯುತ್ತಿದ್ದವು, ಅಲ್ವಾ?

ನಮ್ಮ ದಾವಣಗೆರೆಯಲ್ಲಿ ಕೋರ್ಟು ಬೀಗ ಹಾಕುವವರೆಗೆ ಯಾಕೆ ಕಾಯಬೇಕು? ಭಟ್ಟಿಯವರಲ್ಲಿ ಹೆಚ್ಚಿನವರು ಸಣ್ಣ ಮಾಲೀಕರು. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಕಾದ ಮರಳಲ್ಲಿ ಹುರಿಯುವ ಕೆಲಸ. ಮನೆಮಂದಿಯೆಲ್ಲ ಬೆಂಕಿಯ ಮುಂದೆ ಬೇಯುತ್ತಾರೆ. ಹಳೇ ಟೈರ್ ಸುಡುವುದು ಅಗ್ಗ, ಅದರ ಮಸಿ ಅಕ್ಕಪಕ್ಕದ ಮನೆಗಳ ತಾರಸಿಯ ಮೇಲೆ ಕೂರುತ್ತದೆ. ಹೊಗೆ ಮೊದಲು ಸೇರುವುದು ಅಲ್ಲೇ ದುಡಿಯುವ ಹೆಂಗಸರ, ಮಕ್ಕಳ ಎದೆಗೆ. ಮಾಲೀಕರಿಗೆ ಬರೀ ನೋಟಿಸು ಕೊಟ್ಟರೆ ಏನು ಬಂತು? ಒಬ್ಬೊಬ್ಬರಿಗೆ ಹೊಸ ಒಲೆ, ಎತ್ತರದ ಚಿಮಣಿ ಕೈಗೆಟುಕುವುದಿಲ್ಲ. ಹತ್ತು ಭಟ್ಟಿಗೆ ಸೇರಿ ಒಂದು ಬಾಯ್ಲರ್ ಆದರೆ ಎಟುಕುತ್ತದೆ. ಭದ್ರಾ ನಾಲೆಯ ಭತ್ತದ ಊರಿದು, ಉರಿಸಲು ಹೊಟ್ಟು ರೈಸ್ ಮಿಲ್‌ಗಳಲ್ಲೇ ಸಿಗುತ್ತದೆ.

ಸಾಲ ಮೊದಲು ಬರಲಿ, ಹೊಸ ಒಲೆ ಕೂರಿಸಲು ಒಂದು ಗಡುವು ಇರಲಿ. ಆಮೇಲೂ ಟೈರ್ ಸುಟ್ಟರೆ ದಂಡ ಹಾಕಿ. ಒಲೆ ಹೇಗಿರಬೇಕು ಅಂತ ತೀರ್ಮಾನ ಮಾಡುವ ಸಭೆಯಲ್ಲಿ ಭಟ್ಟಿಯಲ್ಲಿ ಹುರಿಯುವ ಹೆಂಗಸರಿಗೂ ಕುರ್ಚಿ ಹಾಕಿ.