ವಯಸ್ಸು, ಶುಗರ್ ನೋಡಿದರೆ ಸಾಲದು

ಕೋವಿಡ್‌ಗೆ ಆಂಟಿವೈರಲ್ (ವೈರಸ್ ತಡೆಯುವ ಔಷಧ) ಯಾರಿಗೆ ಮೊದಲು ಕೊಡಬೇಕೆಂದು ಆಸ್ಪತ್ರೆ ದಾಖಲೆಗಳಲ್ಲಿ ವಯಸ್ಸು, ಶುಗರ್, ಬಿಪಿ ನೋಡಿ ಪಟ್ಟಿ ಮಾಡಬಹುದು ಎಂದು ನಾನು ಓದಿದ ಒಂದು ಲೇಖನ ಹೇಳುತ್ತದೆ. ಮುಂಬೈಯಂಥ ಊರಲ್ಲಿ ಹಾಗೆ ಮಾಡಿದರೆ ಪಟ್ಟಿ ಉದ್ದವಾಗುತ್ತದೆ, ಆದರೆ ಕಿಡ್ನಿ ಕಸಿ ಆಗಿ ರೋಗನಿರೋಧಕ ಶಕ್ತಿ ತಗ್ಗಿರುವ 35 ವರ್ಷದವರಂಥವರು ಹೊರಗುಳಿಯಬಹುದು.

ಅವರನ್ನು ಹಿಡಿಯಲು ಔಷಧ ಚೀಟಿಯೇ ಒಳ್ಳೆಯ ದಾರಿ: ರೋಗನಿರೋಧಕ ಶಕ್ತಿ ತಗ್ಗಿಸುವ ಟ್ಯಾಕ್ರೊಲಿಮಸ್, ಮೈಕೊಫಿನೊಲೇಟ್ ಅದರಲ್ಲಿದ್ದರೆ ಸಾಕು. ಅದೇ ಥರ ಶಕ್ತಿ ತಗ್ಗಿಸುವ ರಿಟುಕ್ಸಿಮ್ಯಾಬ್ ಹಾಗಲ್ಲ. ಅದನ್ನು ಡೇ-ಕೇರ್‌ನಲ್ಲಿ ಡ್ರಿಪ್ ಮೂಲಕ ಕೊಡುವುದರಿಂದ ಮೆಡಿಕಲ್ ಅಂಗಡಿಯ ಲೆಕ್ಕಕ್ಕೆ ಬಾರದೆ ಹೋಗಬಹುದು. ಆಸ್ಪತ್ರೆಯ ಹಿಂದಿನ 12 ತಿಂಗಳ ಬಿಲ್ಲು ಹುಡುಕಲೇಬೇಕು.

ಇನ್ನು ಹೆಸರು. ಧಾರಾವಿಯ ನಮ್ಮ ಹುಲಿಗೆಮ್ಮ ಒಂದು ಲ್ಯಾಬಿನಲ್ಲಿ 'ಹುಲಗವ್ವಾ', ಇನ್ನೊಂದರಲ್ಲಿ 'ಹುಲ್ಗೆಮಾ'. ಮನೆಮಂದಿಗೆಲ್ಲ ಮಗನದೇ ಮೊಬೈಲ್ ನಂಬರು. ಆದ್ದರಿಂದ ಹೆಸರು, ಫೋನು ನಂಬಿ ದಾಖಲೆ ಜೋಡಿಸಬೇಡಿ; 14 ಅಂಕಿಯ ಆಭಾ (ಸರ್ಕಾರದ ಆರೋಗ್ಯ ಗುರುತು) ಸಂಖ್ಯೆ ಇದ್ದರೆ ಅದು, ಜತೆಗೆ ಹುಟ್ಟಿದ ವರ್ಷ ತಾಳೆ ನೋಡಿ.

ಪಟ್ಟಿಯಲ್ಲಿ ಹೆಸರು ಬಂತೆಂದರೆ ಮಾತ್ರೆ ಕೊಡಬಹುದು ಎಂದಲ್ಲ, ಇದು ಬಹಳ ಮುಖ್ಯ. ಕೋವಿಡ್ ಮಾತ್ರೆಯಾದ ನಿರ್ಮಾಟ್ರೆಲ್ವಿರ್ ಜತೆ ಕೊಡುವ ರಿಟೋನಾವಿರ್ ರಕ್ತದಲ್ಲಿ ಟ್ಯಾಕ್ರೊಲಿಮಸ್ ಮಟ್ಟವನ್ನು ವಿಷವಾಗುವಷ್ಟು ಏರಿಸುತ್ತದೆ. ಅಂಥವರಿಗೆ ಅದರ ಬದಲು ಇನ್ನೊಂದು ಆಂಟಿವೈರಲ್, ಮೂರು ದಿನದ ರೆಮ್‌ಡೆಸಿವಿರ್ ಡ್ರಿಪ್ ಯೋಚಿಸಬೇಕು. ಟಿಬಿಗೆ ರಿಫಾಂಪಿಸಿನ್ ತಿನ್ನುವವರಿಗೂ ಆ ಮಾತ್ರೆ ಕೂಡದು. ಆದರೆ ಟಿಬಿ ದಾಖಲೆ ಇರುವುದು ಸರ್ಕಾರದ ಟಿಬಿ ಪೋರ್ಟಲ್ ಆದ ನಿಕ್ಷಯ್‌ನಲ್ಲಿ, ಆಸ್ಪತ್ರೆಯ ಕಡತದಲ್ಲಿ ಕಾಣದೆ ಹೋಗಬಹುದು. ಇಜಿಎಫ್‌ಆರ್ (ಕಿಡ್ನಿ ಎಷ್ಟು ಸೋಸುತ್ತದೆ ಎಂಬ ಅಳತೆ) 30ರಿಂದ 60ರ ಒಳಗಿದ್ದರೆ ನಿರ್ಮಾಟ್ರೆಲ್ವಿರ್ 300 ಬದಲು 150 ಮಿಲಿಗ್ರಾಂ, ದಿನಕ್ಕೆ ಎರಡು ಸಲ. ಆ ಲೆಕ್ಕಕ್ಕೆ ಬೇಕಾದ ಕ್ರಿಯಾಟಿನಿನ್ ರಕ್ತಪರೀಕ್ಷೆಯ ವರದಿ ಸ್ಕ್ಯಾನ್ ಮಾಡಿದ ಚಿತ್ರವಾಗಿದ್ದರೆ ಕಂಪ್ಯೂಟರ್ ಅದನ್ನು ಓದದೆ ಬಿಡಬಹುದು. ಲಕ್ಷಣ ಶುರುವಾದ 5 ದಿನದೊಳಗೆ ಮಾತ್ರೆ ಆರಂಭವಾಗಬೇಕು, ಹಾಗಾಗಿ ಈ ಪರಿಶೀಲನೆಯೆಲ್ಲ ಜ್ವರ ಬರುವ ಮೊದಲೇ ಮುಗಿದಿರಬೇಕು.